ಅಳೆಯಲು ಬಂದ ವಾರನ್

ಬಂಗಾರಪೇಟೆಯಿಂದ ಮಾರಿಕುಪ್ಪದ ರೈಲಿನಲ್ಲಿ ಓಡಾಡುವ ನಮ್ಮ ಸಹಪಾಠಿಗಳಿಗೆ ಸೈನೈಡ್ ದಿಬ್ಬಗಳನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಆದರೆ ಈ ನೆಲದ ಚಿನ್ನದ ಸುದ್ದಿಯನ್ನು ಮೊದಲು ಬರೆದು ಅಚ್ಚಿಗೆ ಕಳುಹಿಸಿದವನು ಗಣಿಗಾರನಲ್ಲ, ತ್ರಿಕೋನಮಿತಿಯನ್ನು ಬಲ್ಲ ಒಬ್ಬ ಮೋಜಣಿದಾರ ಎಂಬುದು ಅನೇಕರಿಗೆ ತಿಳಿಯದು. ಆತನೇ ಜಾನ್ ವಾರನ್.

ಹೆಸರು ಇಂಗ್ಲಿಷಿನದಾದರೂ ಈತನು ಫ್ರೆಂಚನು. ಐರ್ಲೆಂಡ್ ಮೂಲದ ಮನೆತನ. ಹುಟ್ಟಿದ್ದು 1769ರಲ್ಲಿ, ಇಟಲಿಯ ಲಿವೋರ್ನೋ ಬಂದರಿನಲ್ಲಿ. ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ ದೇಶ ಬಿಟ್ಟು ಭಾರತಕ್ಕೆ ಬಂದು, ಕಡೆಗೆ ಇಂಗ್ಲಿಷರ 33ನೆಯ ಪದಾತಿ ರೆಜಿಮೆಂಟನ್ನು ಸೇರಿದನು. ಅದೇ ರೆಜಿಮೆಂಟಿನಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಮಿತಭಾಷಿಯಾದ ಅಧಿಕಾರಿಯಿದ್ದನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಈ ದೇಶವನ್ನು ಕರಾವಳಿಯಿಂದ ಕರಾವಳಿಗೆ ತ್ರಿಕೋನಗಳಿಂದ ಅಳೆಯಬೇಕೆಂದು ಹಟ ಹಿಡಿದವನು ಈ ಲ್ಯಾಂಬ್ಟನ್ನನೇ. ವಾರನ್ ಆತನ ಸಹಾಯಕನಾದನು. ಇಂಗ್ಲೆಂಡಿನಿಂದ ಬರುತ್ತಿದ್ದ ಅರ್ಧ ಟನ್ ತೂಕದ ಥಿಯೋಡಲೈಟನ್ನು ಫ್ರೆಂಚರು ಸಮುದ್ರದಲ್ಲಿ ಹಡಗಿನ ಸಮೇತ ಹಿಡಿದು ಮಾರಿಷಸ್ಸಿಗೆ ಒಯ್ದರು. ವಿಜ್ಞಾನದ ಉಪಕರಣವೆಂದು ತಿಳಿದಾಗ ಮರ್ಯಾದೆಯಿಂದಲೇ ಹಿಂದಿರುಗಿಸಿದರು.

ಈ ಕೆಲಸದ ಒಳಗುಟ್ಟು ಏನೆಂಬುದನ್ನು ಕಲಾ ವಿಭಾಗದ ಮಿತ್ರರಿಗಾಗಿ ಸ್ವಲ್ಪ ಹೇಳಬೇಕು. ಒಂದು ನೆಲರೇಖೆಯನ್ನು ಮಾತ್ರ ಸರಪಳಿಯಿಂದ ಅಳೆದರೆ ಸಾಕು. ಉಳಿದ ದೂರಗಳನ್ನು ಕೋನಗಳಿಂದ, ಸೈನಿನ ನಿಯಮದಿಂದ, ಲೆಕ್ಕಹಾಕಬಹುದು. ಎತ್ತರಕ್ಕೆ ಬೇಕಾದುದು ಟ್ಯಾನ್, ಅಂದರೆ ಅಭಿಮುಖ ಬಾಹುವನ್ನು ಪಾರ್ಶ್ವ ಬಾಹುವಿನಿಂದ ಭಾಗಿಸಿದ ಲಬ್ಧ. ನಮ್ಮ ಒಂದು ಸೈನೈಡ್ ದಿಬ್ಬವನ್ನೇ ತೆಗೆದುಕೊಳ್ಳಿ. ಬುಡದ ನಡುವಿನವರೆಗೆ ಹೋಗಿ ಅಳೆಯುವಂತಿಲ್ಲ. ದೂರದಲ್ಲಿ ನಿಂತು ನೋಡಿದಾಗ ಅದರ ತುದಿಯ ಉನ್ನತ ಕೋನ 30° ಬಂದಿತು. ನೇರವಾಗಿ 100 ಅಡಿ ಮುಂದೆ ನಡೆದಾಗ 45° ಆಯಿತು ಎಂದಿಟ್ಟುಕೊಳ್ಳಿ. ಟ್ಯಾನ್ 45° ಎಂದರೆ 1. ಆದ್ದರಿಂದ ಎರಡನೆಯ ಜಾಗದಿಂದ ದಿಬ್ಬದ ದೂರವೆಷ್ಟೋ ಎತ್ತರವೂ ಅಷ್ಟೆ. ಟ್ಯಾನ್ 30° ಎಂದರೆ ಸುಮಾರು 0.577, ಆದ್ದರಿಂದ ಎತ್ತರವು, ಎತ್ತರಕ್ಕೆ ನೂರನ್ನು ಕೂಡಿಸಿ 0.577ರಿಂದ ಗುಣಿಸಿದಷ್ಟು. ಬಿಡಿಸಿದರೆ 136.6 ಅಡಿ. ಇದಕ್ಕೆ ನೋಡುವವನ ಕಣ್ಣಿನ ಎತ್ತರವನ್ನು ಸೇರಿಸಬೇಕು, ಪಿ.ಯು.ಸಿ.ಯಲ್ಲಿ ನಾನು ಅದನ್ನು ಮರೆತು ಅಂಕ ಕಳೆದುಕೊಂಡಿದ್ದೇನೆ.

ಲೆಕ್ಕವನ್ನು ತಿರುಗಿಸಿ, ಟ್ಯಾನ್ 1 ಆಗುವ ಕೋನ ಯಾವುದೆಂದು ಕೇಳಿದರೆ ಉತ್ತರ 45° ಒಂದೇ ಅಲ್ಲ. ಪ್ರತಿ 180°ಗೆ ಟ್ಯಾನಿನ ಬೆಲೆ ಮರುಕಳಿಸುವುದರಿಂದ 225°, 405° ಎಲ್ಲವೂ ಉತ್ತರಗಳೇ. ಪುಸ್ತಕದವರು ಅವೆಲ್ಲವನ್ನೂ ಬರೆಯಿರಿ ಎನ್ನುತ್ತಾರೆ. ಬೆಟ್ಟದ ಮುಂದೆ ನಿಂತ ವಾರನ್ನನಿಗೆ ಸೊನ್ನೆಗೂ 90°ಗೂ ನಡುವಿನ ಒಂದೇ ಉತ್ತರ ಸಾಕಾಗಿತ್ತು.

1802ರಲ್ಲಿ ಮೈಸೂರು ಸಂಸ್ಥಾನದ ಪೂರ್ವದ ಗಡಿಯನ್ನು ಗುರುತಿಸುವ ಕೆಲಸ ಈತನ ಪಾಲಿಗೆ ಬಂದು ಕೋಲಾರದ ಸೀಮೆಗೆ ಬಂದನು. ಇಲ್ಲಿನ ಮಣ್ಣಿನಲ್ಲಿ ಚಿನ್ನವಿದೆಯೆಂಬ ಜನರ ಮಾತು ಕಿವಿಗೆ ಬಿತ್ತು. ತೋರಿಸಿಕೊಟ್ಟವರಿಗೆ ಬಹುಮಾನವೆಂದು ಸಾರಿಸಿದನು. ಹಳ್ಳಿಯವರು ಗಾಡಿಯಲ್ಲಿ ಮಣ್ಣು ಹೇರಿಕೊಂಡು ಬಂದು ಆತನ ಕಣ್ಣೆದುರಿಗೇ ತೊಳೆದರು. ತಳದಲ್ಲಿ ಚಿನ್ನದ ಕಣಗಳು ಉಳಿದವು. ಉರಿಗಾಂ, ಮಾರಿಕುಪ್ಪಗಳ ಕಡೆ ಹೋಗಿ ನೋಡಿದಾಗ, ಜನ ಆಳವಾದ ಗುಂಡಿಗಳಿಗೆ ಇಳಿದು ಕಲ್ಲು ತೆಗೆಯುತ್ತಿದ್ದರು. ಬುಟ್ಟಿಗಳು ಕೈಯಿಂದ ಕೈಗೆ ಮೇಲೇರುತ್ತಿದ್ದವು. ಹೆಂಗಸರು ಆ ಕಲ್ಲನ್ನು ಕುಟ್ಟಿ ಪುಡಿಮಾಡಿ ತೊಳೆಯುತ್ತಿದ್ದರು. ಆದುದರಿಂದ ವಾರನ್ ಚಿನ್ನವನ್ನು ಕಂಡುಹಿಡಿದನೆಂದು ಹೇಳುವುದು ನನಗೆ ಸರಿಕಾಣುವುದಿಲ್ಲ. ಕಂಡುಹಿಡಿದವರು ಆ ಗುಂಡಿಯಲ್ಲಿದ್ದರು. ಅವರ ಹೆಸರನ್ನು ಬರೆದಿಟ್ಟವರಿಲ್ಲ. ನನ್ನ ತಾತ ಚಾಂಪಿಯನ್ ರೀಫಿನಲ್ಲಿ ಇಳಿಯುತ್ತಿದ್ದವರು. ಈ ಸಂಗತಿಯನ್ನು ಓದಿ ಹೇಳಿದಾಗ ಅವರು ವಾರನ್ನನ ವಿಷಯ ವಿಚಾರಿಸಲಿಲ್ಲ, ಆ ಗುಂಡಿಗಳಿಗೆ ಆಸರೆಯ ಮರ ಕೊಟ್ಟಿದ್ದರೇ ಎಂದು ವಿಚಾರಿಸಿದರು.

ವಾರನ್ ಚಿನ್ನದ ಹಿಂದೆ ಬೀಳಲಿಲ್ಲ. ವರದಿ ಬರೆದು ಮತ್ತೆ ಸರಪಳಿ ಹಿಡಿದನು. 1804ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಉದ್ದವಾದ ನೆಲರೇಖೆಯೊಂದನ್ನು ಅಳೆದನು. ಮದರಾಸಿನ ಕಡೆಯಿಂದ ತ್ರಿಕೋನಗಳ ಮೇಲೆ ತ್ರಿಕೋನ ಹೆಣೆದು ಬಂದ ಲೆಕ್ಕ ಸರಿಯೇ ತಪ್ಪೇ ಎಂಬುದು ಇಲ್ಲಿ ತೀರ್ಮಾನವಾಗಬೇಕಿತ್ತು. ತಪ್ಪಾಗಿದ್ದರೆ ಎರಡು ವರ್ಷಗಳ ದುಡಿಮೆ ನೀರುಪಾಲು. ಲೆಕ್ಕಕ್ಕೂ ಅಳತೆಗೂ ಬಂದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತಲೂ ಕಡಿಮೆ!

ಅನಂತರ 1805ರಿಂದ ಕೆಲವು ವರ್ಷ ಮದರಾಸಿನ ವೀಕ್ಷಣಾಲಯವನ್ನು ನೋಡಿಕೊಂಡನು. 1807ರ ದೊಡ್ಡ ಧೂಮಕೇತುವನ್ನು ವೀಕ್ಷಿಸಿದನು. ನೆಪೋಲಿಯನ್ ಬಿದ್ದು ಫ್ರಾನ್ಸಿಗೆ ಮತ್ತೆ ರಾಜನು ಬಂದಾಗ ಸ್ವದೇಶಕ್ಕೆ ಹೋದನಾದರೂ ಅಲ್ಲಿ ನಿಲ್ಲಲಿಲ್ಲ. ಹಿಂದಿರುಗಿ ಪಾಂಡಿಚೇರಿಯಲ್ಲಿ ನೆಲೆಸಿದನು.

ಆತನ ಬಾಳಿನಲ್ಲಿ ನನಗೆ ಹೆಚ್ಚು ಮೆಚ್ಚಾದ ಭಾಗ ಈ ಕೊನೆಯದು. ನಮ್ಮ ಪಂಚಾಂಗದ ಗಣಿತವನ್ನು ಕಲಿತು 'ಕಾಲಸಂಕಲಿತ'ವೆಂಬ ದೊಡ್ಡ ಗ್ರಂಥವನ್ನು ಬರೆದು 1825ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದನು. ಪಾಂಡಿಚೇರಿಯಲ್ಲಿ ತಮಿಳು ಪಂಚಾಂಗದವರೊಬ್ಬರು ನೆಲದ ಮೇಲೆ ಕವಡೆಗಳನ್ನು ಹರಡಿ, ಕೋಷ್ಟಕಗಳನ್ನೆಲ್ಲ ಅಕ್ಷರಸಂಕೇತಗಳಾಗಿ ಬಾಯಿಪಾಠದಿಂದಲೇ ತೆಗೆದು, ಚಂದ್ರಗ್ರಹಣವನ್ನು ಗಣಿಸಿ ತೋರಿಸಿದರು. ಗ್ರಹಣ ಹಿಡಿಯುವ ಹೊತ್ತಿಗೆ ಬಂದ ತಪ್ಪು ನಾಲ್ಕೇ ನಿಮಿಷ. ದೊಡ್ಡ ವೀಕ್ಷಣಾಲಯವನ್ನು ನಡೆಸಿದವನು ಕವಡೆಗಳ ಮುಂದೆ ಶಿಷ್ಯನಂತೆ ಕುಳಿತು ಬರೆದುಕೊಂಡನು.

1830ರಲ್ಲಿ ಪಾಂಡಿಚೇರಿಯಲ್ಲೇ ತೀರಿಕೊಂಡನು. ಕೋಲಾರದ ಚಿನ್ನದಿಂದ ಆತನಿಗೆ ಒಂದು ಗುಲಗಂಜಿಯ ತೂಕವೂ ದಕ್ಕಲಿಲ್ಲ. ನಾಲ್ವತ್ತು ವರ್ಷಗಳ ಮೇಲೆ, 1871ರಲ್ಲಿ, ಮೈಕೇಲ್ ಲವೆಲ್ ಎಂಬ ನಿವೃತ್ತ ಐರಿಷ್ ಸಿಪಾಯಿ ಬೆಂಗಳೂರಿನಲ್ಲಿ ಆ ಹಳೆಯ ವರದಿಯನ್ನು ಓದಿ, ಎತ್ತಿನ ಗಾಡಿ ಕಟ್ಟಿಸಿಕೊಂಡು ನಮ್ಮ ಕಡೆಗೆ ಹೊರಟನು.