ಪಾಲ್ವಂಕರ್ ಬಾಲು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತದ ಶ್ರೇಷ್ಠ ಬೌಲರ್ ಎಂದು ಹೆಸರಾದ ಪಾಲ್ವಂಕರ್ ಬಾಲು ಅವರು 1870ರ ದಶಕದ ಮಧ್ಯಭಾಗದಲ್ಲಿ ಧಾರವಾಡದಲ್ಲಿ ಜನಿಸಿದರು. ಇವರ ಕುಟುಂಬವು ಮೂಲತಃ ಕೊಂಕಣದ ಪಾಲ್ವಣ್ ಗ್ರಾಮದ್ದು. ಅಂದು ಅಸ್ಪೃಶ್ಯವೆಂದು ಪರಿಗಣಿಸಲ್ಪಟ್ಟಿದ್ದ ಚಮ್ಮಾರ ಸಮುದಾಯಕ್ಕೆ ಸೇರಿದ್ದು. ತಂದೆ ಬ್ರಿಟಿಷ್ ಸೇನೆಯಲ್ಲಿ ಸಿಪಾಯಿಯಾಗಿದ್ದರು. ಶಿವರಾಂ, ಗಣಪತ್ ಮತ್ತು ವಿಠ್ಠಲ್ ಎಂಬ ಸಹೋದರರೂ ಮುಂದೆ ಕ್ರಿಕೆಟ್ ಆಟಗಾರರಾಗಿ ಪ್ರಸಿದ್ಧರಾದರು.

ಬಾಲು ಅವರು ಪುಣೆಯಲ್ಲಿ ಮೊದಲು ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ ತಿಂಗಳಿಗೆ 3 ರೂಪಾಯಿ ವೇತನಕ್ಕೆ ಮೈದಾನ ಗುಡಿಸುವ ಕೆಲಸಕ್ಕೆ ಸೇರಿದರು. 1892ರಲ್ಲಿ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಬಂದಾಗ ಅವರ ವೇತನ 4 ರೂಪಾಯಿಯಾಯಿತು. ಪಿಚ್ಚಿಗೆ ರೋಲರ್ ಎಳೆಯುವುದು, ಬಲೆ ಕಟ್ಟುವುದು ಇವರ ಕೆಲಸ. ಬಿಡುವಿನಲ್ಲಿ ಅಧಿಕಾರಿಗಳ ಅಭ್ಯಾಸಕ್ಕಾಗಿ ಚೆಂಡೆಸೆಯುತ್ತ ಅವರು ಎಡಗೈ ನಿಧಾನಗತಿಯ ಬೌಲಿಂಗನ್ನು ಕರಗತ ಮಾಡಿಕೊಂಡರು. ಬ್ಯಾಟಿಂಗ್ ಅಭ್ಯಾಸಕ್ಕೆ ಮಾತ್ರ ಅಲ್ಲಿ ಅವಕಾಶವಿರಲಿಲ್ಲ.

ಪುಣೆಯ ಹಿಂದೂ ತಂಡವು ಸಾಕಷ್ಟು ಚರ್ಚೆಯ ನಂತರವೇ ಇವರನ್ನು ಸೇರಿಸಿಕೊಂಡಿತು. ಮೈದಾನದಲ್ಲಿ ಇವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹಾ ವಿರಾಮದಲ್ಲಿ ಮಾತ್ರ ಇವರಿಗೆ ಪೆವಿಲಿಯನ್ನಿನ ಹೊರಗೆ, ಪ್ರತ್ಯೇಕ ಮಣ್ಣಿನ ಲೋಟದಲ್ಲಿ ಚಹಾ ನೀಡಲಾಗುತ್ತಿತ್ತು. ನಂತರ ಮುಂಬಯಿಗೆ ತೆರಳಿ ರೈಲ್ವೆ ಕಂಪನಿಯಲ್ಲಿ ಉದ್ಯೋಗ ಪಡೆದ ಬಾಲು ಅವರು ಅಲ್ಲಿನ ಹಿಂದೂ ಜಿಮ್ಖಾನಾ ಪರವಾಗಿ ಆಡಿದರು. ಅಲ್ಲಿ ಸಹಭೋಜನಕ್ಕೂ ಅವಕಾಶ ದೊರೆಯಿತು. 1906ರಲ್ಲಿ ಹಿಂದೂ ತಂಡವು ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿದಾಗ ಬಾಲು ಮತ್ತು ಶಿವರಾಂ ಇಬ್ಬರೂ ತಂಡದಲ್ಲಿದ್ದರು.

1911ರಲ್ಲಿ ಪಟಿಯಾಲಾ ಮಹಾರಾಜ ಭೂಪಿಂದರ್ ಸಿಂಗ್ ಅವರ ನಾಯಕತ್ವದಲ್ಲಿ ಮೊದಲ ಅಖಿಲ ಭಾರತ ತಂಡವು ಇಂಗ್ಲೆಂಡ್ ಪ್ರವಾಸ ಕೈಗೊಂಡಿತು. ತಂಡವು ಹೆಚ್ಚಿನ ಪಂದ್ಯಗಳಲ್ಲಿ ಸೋತರೂ ಬಾಲು ಅವರು ಒಟ್ಟು 114 ವಿಕೆಟ್ ಪಡೆದರು. ಸ್ವದೇಶಕ್ಕೆ ಮರಳಿದಾಗ ಮುಂಬಯಿಯ ಶೋಷಿತ ವರ್ಗಗಳ ಜನರು ಇವರನ್ನು ಸನ್ಮಾನಿಸಿದರು. ಯುವಕ ಅಂಬೇಡ್ಕರ್ ಅವರಿಗೂ ಇವರ ಬಗ್ಗೆ ಅಪಾರ ಗೌರವವಿತ್ತು.

ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಬಾಲು ಅವರಿಗೆ ಒಮ್ಮೆಯೂ ದೊರೆಯಲಿಲ್ಲ. ಅರ್ಹತೆಯ ಕೊರತೆ ಇದಕ್ಕೆ ಕಾರಣವಾಗಿರಲಿಲ್ಲವೆಂಬುದು ಸ್ಪಷ್ಟ. 1920ರ ಚತುಷ್ಕೋನ ಪಂದ್ಯಾವಳಿಯಲ್ಲಿ ಇವರನ್ನು ತಂಡದಿಂದ ಕೈಬಿಟ್ಟು, ವಿಠ್ಠಲ್ ಅವರನ್ನು ಕಡೆಗಣಿಸಿ ಡಿ.ಬಿ. ದೇವಧರ್ ಅವರಿಗೆ ನಾಯಕತ್ವ ವಹಿಸಿದಾಗ, ಶಿವರಾಂ ಮತ್ತು ವಿಠ್ಠಲ್ ಪ್ರತಿಭಟಿಸಿ ಹೊರನಡೆದರು. ಪರಿಣಾಮವಾಗಿ ಅಂತಿಮ ಪಂದ್ಯಕ್ಕೆ ಬಾಲು ಅವರನ್ನು ಮರಳಿ ಕರೆಸಿ ಉಪನಾಯಕರನ್ನಾಗಿ ಮಾಡಲಾಯಿತು. ನಾಯಕ ಎಂ.ಡಿ. ಪೈ ಅವರು ಮೈದಾನದಿಂದ ಹೊರಗಿದ್ದ ಸ್ವಲ್ಪ ಹೊತ್ತು ಬಾಲು ಅವರೇ ತಂಡವನ್ನು ಮುನ್ನಡೆಸಿದರು. 33 ಪ್ರಥಮ ದರ್ಜೆ ಪಂದ್ಯಗಳಲ್ಲಿ ಇವರು ಗಳಿಸಿದ ವಿಕೆಟ್‌ಗಳು 179. 1923ರಲ್ಲಿ ತಮ್ಮ ವಿಠ್ಠಲ್ ಹಿಂದೂ ತಂಡದ ನಾಯಕರಾದರು.

ನಿವೃತ್ತಿಯ ಬಳಿಕ ಬಾಲು ಅವರು ರಾಜಕೀಯ ಪ್ರವೇಶಿಸಿದರು. ಪ್ರತ್ಯೇಕ ಮತಕ್ಷೇತ್ರದ ಪ್ರಶ್ನೆಯಲ್ಲಿ ಅಂಬೇಡ್ಕರ್ ಅವರೊಡನೆ ಭಿನ್ನಾಭಿಪ್ರಾಯ ತಳೆದ ಇವರು 1937ರ ಚುನಾವಣೆಯಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಅವರ ವಿರುದ್ಧವೇ ಸ್ಪರ್ಧಿಸಿದರು. ಅಂಬೇಡ್ಕರ್ 13,245 ಮತಗಳನ್ನೂ ಬಾಲು 11,225 ಮತಗಳನ್ನೂ ಪಡೆದರು. ಬಾಲು ಅವರು 1955ರ ಜುಲೈನಲ್ಲಿ ಮುಂಬಯಿಯಲ್ಲಿ ನಿಧನರಾದರು.