ವಿಕ್ಟರ್ ಕಪ್ಲಾನ್: ತಗ್ಗಿನ ನೀರಿಗೆ ಟರ್ಬೈನ್ ಕೊಟ್ಟ ಪ್ರಾಧ್ಯಾಪಕ

ಬಹಮನಿ ಸುಲ್ತಾನರ ಕಾಲದ ನಮ್ಮ ನೌಬಾದದ ಕರೇಜನ್ನು ನೀವೆಲ್ಲ ನೋಡಿರುತ್ತೀರಿ. ನೆಲದೊಳಗಿನ ಸಣ್ಣ ಇಳಿಜಾರಿನಲ್ಲಿ ನೀರು ಮೆಲ್ಲಗೆ ಹರಿದು ಬರುವಂತೆ ಅದನ್ನು ಕಟ್ಟಿದ್ದಾರೆ. ಬಾಯಾರಿಕೆ ತಣಿಸಲು ಅಷ್ಟು ಇಳಿಜಾರು ಸಾಕು. ವಿದ್ಯುತ್ ಬೇಕೆಂದರೆ ನೀರಿಗೆ ರಭಸ ಬೇಕು. ಜೋಗದಲ್ಲಿ ನೀರು ಬಹಳ ಎತ್ತರದಿಂದ ಬೀಳುವುದರಿಂದ ಅಲ್ಲಿ ಪೆಲ್ಟನ್ ಚಕ್ರ ತಿರುಗುತ್ತದೆ. ಬಯಲುಸೀಮೆಯ ನದಿಯಲ್ಲಿ ನೀರೇನೋ ಹೇರಳ, ಬೀಳುವ ಎತ್ತರ ಮಾತ್ರ ಕಡಿಮೆ. ಅಂಥ ನೀರಿಗೆ ತಕ್ಕ ಟರ್ಬೈನ್ ಕಂಡುಹಿಡಿದವರು ವಿಕ್ಟರ್ ಕಪ್ಲಾನ್.

ಅವರು 1876ರ ನವೆಂಬರ್ 27ರಂದು ಆಸ್ಟ್ರಿಯಾದಲ್ಲಿ ರೈಲ್ವೆ ನೌಕರರೊಬ್ಬರ ಮಗನಾಗಿ ಹುಟ್ಟಿದರು. ವಿಯೆನ್ನಾದಲ್ಲಿ ಎಂಜಿನಿಯರಿಂಗ್ ಓದಿದರು. 1903ರಲ್ಲಿ ಬರ್ನೊ ನಗರದ ಜರ್ಮನ್ ತಾಂತ್ರಿಕ ವಿದ್ಯಾಲಯಕ್ಕೆ ಬಂದು ಪಾಠ ಹೇಳತೊಡಗಿದರು. ಆ ನಗರ ಈಗ ಚೆಕ್ ದೇಶದಲ್ಲಿದೆ. ವಿದ್ಯಾಲಯದ ನೆಲಮಾಳಿಗೆಯಲ್ಲಿ ಅವರದೊಂದು ಪುಟ್ಟ ಪ್ರಯೋಗಾಲಯವಿತ್ತು. ಪಾಠ ಮುಗಿಸಿ ಅಲ್ಲಿಗೆ ಇಳಿದು, ಸಣ್ಣ ಸಣ್ಣ ಚಕ್ರಗಳನ್ನು ಒಂದೊಂದಾಗಿ ನೀರಿನಲ್ಲಿ ತಿರುಗಿಸಿ ಅಳೆಯುತ್ತಿದ್ದರು. ರೆಕ್ಕೆಗಳನ್ನು ಕಡಿಮೆ ಮಾಡುತ್ತ ಹೋದಂತೆ ಚಕ್ರ ಹಡಗಿನ ಪ್ರೊಪೆಲ್ಲರಿನ ರೂಪಕ್ಕೆ ಬಂತು. ಹರಿವು ಹೆಚ್ಚಾದರೂ ಕಡಿಮೆಯಾದರೂ ಅದಕ್ಕೆ ತಕ್ಕಂತೆ ರೆಕ್ಕೆಗಳೇ ಓರೆಯಾಗುವಂತೆ ಮಾಡಿದ್ದು ಅವರ ದೊಡ್ಡ ಹೆಜ್ಜೆ.

ದೊಡ್ಡ ಕಂಪನಿಗಳು ನಂಬಲಿಲ್ಲ. ಪೇಟೆಂಟಿಗಾಗಿ ಜಗಳಗಳಾದವು, ನಡುವೆ ಮಹಾಯುದ್ಧವೂ ಬಂತು. ಕೊನೆಗೆ ಬರ್ನೊದ ಸ್ಟೋರೆಕ್ ಕಾರ್ಖಾನೆ ಮೊದಲ ಟರ್ಬೈನನ್ನು ತಯಾರಿಸಿತು. 1919ರಲ್ಲಿ ಆಸ್ಟ್ರಿಯಾದ ವೆಲ್ಮ್ ಎಂಬಲ್ಲಿ ಅದು ತಿರುಗಿತು. ಅದರ ಚಕ್ರದ ಅಗಲ ಬರೀ 60 ಸೆಂಟಿಮೀಟರ್!

ಚಕ್ರ ದೊಡ್ಡದಾಗುತ್ತಿದ್ದಂತೆ ಹೊಸ ಕಾಟ ಶುರುವಾಯಿತು. ವೇಗ ಹೆಚ್ಚಿದಲ್ಲಿ ಒತ್ತಡ ಕುಸಿಯುತ್ತದೆ ಎಂದು ಮೊದಲ ಪಿಯುಸಿಯಲ್ಲಿ ಬರ್ನೌಲಿ ತತ್ವ ಓದಿದ್ದೇವಲ್ಲ, ಅದೇ ಇಲ್ಲಿ ಅಡ್ಡ ಬಂತು. ಒತ್ತಡ ತೀರ ಇಳಿದ ಕಡೆ ತಣ್ಣೀರೇ ಆವಿಯ ಗುಳ್ಳೆಯಾಗುತ್ತದೆ. ಆ ಗುಳ್ಳೆಗಳು ಕುಸಿಯುವಾಗ ಲೋಹವನ್ನೇ ಕೊರೆದು ಹಾಕುತ್ತವೆ. ಇದನ್ನು ಎದುರಿಸಬೇಕಾದ 1922ರಲ್ಲೇ ಕಪ್ಲಾನ್ ತೀವ್ರ ಕಾಯಿಲೆ ಬಿದ್ದರು. ಕಷ್ಟಪಟ್ಟು ಕಟ್ಟಿದ್ದು ಕೈತಪ್ಪುವ ಹೊತ್ತು ಅದು. ಬೇರೆ ಎಂಜಿನಿಯರುಗಳು ಆ ಕೆಲಸ ಮುಂದುವರಿಸಿದರು. ಸ್ವೀಡನ್ನಿನ ಲಿಲ್ಲಾ ಎಡೆಟ್‌ನಲ್ಲಿ ಸುಮಾರು ಆರೂವರೆ ಮೀಟರ್ ಎತ್ತರದ ನೀರಿಗೇ 11,000 ಅಶ್ವಶಕ್ತಿ ಮೀರಿದ ಕಪ್ಲಾನ್ ಟರ್ಬೈನ್ ನಡೆಯಿತು. ಅಲ್ಲಿಂದ ಯಾರೂ ಅನುಮಾನಿಸಲಿಲ್ಲ. ಕಪ್ಲಾನ್ 1934ರ ಆಗಸ್ಟ್ 23ರಂದು, 57ನೇ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮ ಕೃಷ್ಣೆಗೆ ಕಟ್ಟಿದ ಆಲಮಟ್ಟಿಯ 290 ಮೆಗಾವಾಟ್ ವಿದ್ಯುದಾಗಾರದಲ್ಲಿ ತಿರುಗುವ ಆರು ಟರ್ಬೈನುಗಳೂ ಕಪ್ಲಾನ್ ಟರ್ಬೈನುಗಳೇ.