ಲಸಿಕೆ ಮೊದಲು ಯಾರಿಗೆ? ಹಾಫ್‌ಕಿನ್ ಕಂಡ ಮುಂಬಯಿ, ಹುಬ್ಬಳ್ಳಿ

ಊರಿನಿಂದ ಬಂದ ಬಂಧುಗಳನ್ನು ಒಮ್ಮೆಯಾದರೂ ಪರೇಲ್‌ನ ಟಾಟಾ ಆಸ್ಪತ್ರೆಗೆ ಕರೆದೊಯ್ಯದ ಮುಂಬಯಿ ಕನ್ನಡಿಗರು ಕಡಿಮೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಹಳೆಯ ಕಟ್ಟಡವಿದೆ. ಒಂದು ಕಾಲಕ್ಕೆ ಅದು ಬಾಂಬೆ ಗವರ್ನರರ ನಿವಾಸ, ಈಗ ಹಾಫ್‌ಕಿನ್ ಸಂಸ್ಥೆ. ಹಾವಿನ ವಿಷಕ್ಕೆ ಔಷಧ ತಯಾರಾಗುತ್ತಿದ್ದ ಜಾಗ ಎಂದು ಕೆಲವರಿಗೆ ಗೊತ್ತು. ಹಾಫ್‌ಕಿನ್ ಯಾರು ಎಂದರೆ ಆ ರಸ್ತೆಯಲ್ಲಿ ದಿನವೂ ಓಡಾಡುವವರೂ ತಡವರಿಸುತ್ತಾರೆ.

2021ರಲ್ಲಿ ನಾವೆಲ್ಲ ಮೊಬೈಲ್‌ನಲ್ಲಿ ಕೋವಿನ್ ತೆರೆದು ಸ್ಲಾಟ್ ಹುಡುಕುತ್ತಿದ್ದಾಗ ಮನೆ ಮನೆಯಲ್ಲೂ ಎರಡು ಪ್ರಶ್ನೆಗಳಿದ್ದವು. ಲಸಿಕೆ ಮೊದಲು ಯಾರಿಗೆ? ಹೊಸ ರೂಪಾಂತರದ ಮುಂದೆ ಅದು ನಿಲ್ಲುತ್ತದೆಯೇ? ಜನವರಿ 16ಕ್ಕೆ ಆರೋಗ್ಯ ಸಿಬ್ಬಂದಿಯಿಂದ ಶುರುವಾಗಿ, ಮಾರ್ಚ್‌ನಲ್ಲಿ ಅರವತ್ತು ದಾಟಿದವರಿಗೆ, ಏಪ್ರಿಲ್‌ನಲ್ಲಿ ನಲವತ್ತೈದು ದಾಟಿದವರಿಗೆ, ಮೇ ತಿಂಗಳಲ್ಲಿ ಹದಿನೆಂಟು ತುಂಬಿದ ಎಲ್ಲರಿಗೆ ಎಂದು ಸಾಲು ನಿಂತಿತು. ಸಾಲು ಅರ್ಧ ಸಾಗುವಷ್ಟರಲ್ಲಿ ಡೆಲ್ಟಾ ಬಂದಿತ್ತು. ಈ ಎರಡೂ ಪ್ರಶ್ನೆಗಳೊಡನೆ ನೂರಿಪ್ಪತ್ತು ವರ್ಷಗಳ ಹಿಂದೆ ಇದೇ ಊರಿನಲ್ಲಿ ಗುದ್ದಾಡಿದವರು ಹಾಫ್‌ಕಿನ್.

ವಾಲ್ಡೆಮಾರ್ ಹಾಫ್‌ಕಿನ್ ಹುಟ್ಟಿದ್ದು 1860ರ ಮಾರ್ಚ್ 15ರಂದು, ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ ಕಪ್ಪು ಸಮುದ್ರದ ದಂಡೆಯ ಒಡೆಸ್ಸಾದಲ್ಲಿ, ಯಹೂದಿ ಮನೆತನದಲ್ಲಿ. ವಿಶ್ವವಿದ್ಯಾಲಯದಲ್ಲಿ ಗುರುವಾಗಿ ಸಿಕ್ಕವರು ಇಲ್ಯಾ ಮೆಚ್ನಿಕಾಫ್. ಮುಂದೆ ನೊಬೆಲ್ ಪಡೆದ ಜೀವವಿಜ್ಞಾನಿ. ಯಹೂದಿಗಳ ಮೇಲೆ ದಾಳಿಗಳು ನಡೆದಾಗ ಹಾಫ್‌ಕಿನ್ ತಮ್ಮವರ ರಕ್ಷಣೆಗೆ ನಿಂತು ಗಾಯಗೊಂಡು ಜೈಲು ಸೇರಿದರು. ಬಿಡಿಸಿ ತಂದವರು ಮೆಚ್ನಿಕಾಫ್. ಮತಾಂತರವಾದರೆ ಅಧ್ಯಾಪಕರಾಗಬಹುದಿತ್ತು, ಅದಕ್ಕೆ ಒಪ್ಪಲಿಲ್ಲ. 1888ರಲ್ಲಿ ದೇಶ ಬಿಟ್ಟು ಜಿನೀವಾಗೆ, ಮರುವರ್ಷ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಗೆ. ಅಲ್ಲಿ ಖಾಲಿ ಇದ್ದದ್ದು ಗ್ರಂಥಪಾಲಕನ ಕೆಲಸ ಮಾತ್ರ. ಹಗಲು ಪುಸ್ತಕ ಜೋಡಿಸಿ, ಬಿಡುವಿನಲ್ಲಿ ಪ್ರಯೋಗ. ಓದಿದ್ದೊಂದು, ಸಿಕ್ಕ ಕೆಲಸ ಇನ್ನೊಂದು ಎಂಬ ಅನುಭವ ಹೊರಊರಿಗೆ ಬಂದ ನಮ್ಮಲ್ಲಿ ಅನೇಕರಿಗೆ ಹೊಸತಲ್ಲ.

ಅವರು ಹಿಡಿದ ವಿಷಯ ಕಾಲರಾ. ಸ್ಪೇನಿನಲ್ಲಿ ಫೆರಾನ್ ಎಂಬ ವೈದ್ಯ 1885ರಲ್ಲೇ ಕಾಲರಾ ಚುಚ್ಚುಮದ್ದು ಕೊಟ್ಟಿದ್ದರೂ ಅದನ್ನು ವಿಜ್ಞಾನಲೋಕ ಒಪ್ಪಿರಲಿಲ್ಲ. ತೊಡಕು ಎಲ್ಲಿತ್ತೆಂದರೆ, ಕಾಲರಾ ರೋಗಾಣು ಒಂದೇ ತೆರನಾಗಿ ಇರುವುದಿಲ್ಲ. ಒಬ್ಬ ರೋಗಿಯಿಂದ ತೆಗೆದದ್ದು ಉಗ್ರ, ಇನ್ನೊಬ್ಬನದು ಸಪ್ಪೆ. ಗಾಜಿನ ಕುಪ್ಪಿಯಲ್ಲಿ ಬೆಳೆಸುತ್ತ ಹೋದರೆ ಅದರ ಬಲವೇ ಬದಲಾಗುತ್ತದೆ. ಬದಲಾಗುವ ಶತ್ರುವಿಗೆ ಒಂದೇ ಅಳತೆಯ ಮದ್ದು ಹೇಗೆ? ಹಾಫ್‌ಕಿನ್ ಆ ಬದಲಾವಣೆಯನ್ನೇ ತಮ್ಮ ಕೈಗೆ ತೆಗೆದುಕೊಂಡರು. ರೋಗಾಣುವನ್ನು ಗಿನಿಯಿಲಿಗಳ ಹೊಟ್ಟೆಯ ಪೊರೆಯೊಳಗೆ ಒಂದರಿಂದ ಒಂದಕ್ಕೆ ದಾಟಿಸುತ್ತ ಹೋಗಿ, ಬಲ ಏರುತ್ತ ಒಂದು ಮಟ್ಟದಲ್ಲಿ ನಿಲ್ಲುವಂತೆ ಮಾಡಿದರು. ಅದೇ ರೋಗಾಣುವಿನ ಇನ್ನೊಂದು ಪಾಲನ್ನು ಬಿಸಿಯಲ್ಲಿ, ಗಾಳಿಯಾಡಿಸಿ ಬೆಳೆಸಿ ದುರ್ಬಲಗೊಳಿಸಿದರು. ಮೊದಲ ಚುಚ್ಚುಮದ್ದು ದುರ್ಬಲದ್ದು, ಕೆಲವು ದಿನ ಬಿಟ್ಟು ಬಲದ್ದು. ಕಾಲರಾ, ಪ್ಲೇಗು ಎರಡೂ ಬ್ಯಾಕ್ಟೀರಿಯಾ, ಇಂದಿನ ಅರ್ಥದ ವೈರಸ್ ಅಲ್ಲ. ಆದರೆ ಆ ಕಾಲದಲ್ಲಿ ಸೋಂಕು ತರುವ ಯಾವುದೇ ವಿಷಕ್ಕೂ ವೈರಸ್ ಎಂದೇ ಹೆಸರು. ಕೋವಿಡ್ ವೈರಸ್ ಜನರ ಮೈಯಿಂದ ಮೈಗೆ ದಾಟುತ್ತ ರೂಪ ಬದಲಿಸಿದ್ದನ್ನು ನೋಡಿದ ನಮಗೆ ಆ ಗಿನಿಯಿಲಿಗಳ ಸಾಲು ಅರ್ಥವಾಗುವುದು ಕಷ್ಟವಲ್ಲ.

1892ರ ಜುಲೈ 18ರಂದು ಮೊದಲ ಚುಚ್ಚುಮದ್ದನ್ನು ತಮಗೇ ಕೊಟ್ಟುಕೊಂಡರು. ಜ್ವರ ಬಂದು ಹೋಯಿತು. ಇನ್ನು ಕಾಲರಾ ಇರುವ ನಾಡು ಬೇಕಿತ್ತು. ಪ್ಯಾರಿಸ್ಸಿನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದವರು ಹಿಂದೆ ಭಾರತದ ವೈಸ್‌ರಾಯ್ ಆಗಿದ್ದ ಲಾರ್ಡ್ ಡಫರಿನ್. ಅವರು ಭಾರತದ ದಾರಿ ತೋರಿಸಿದರು. 1893ರಲ್ಲಿ ಹಾಫ್‌ಕಿನ್ ಕಲ್ಕತ್ತಕ್ಕೆ ಬಂದರು.

ಕಾಲರಾ ಎಲ್ಲಿ, ಯಾವಾಗ ಏಳುತ್ತದೆ ಎಂದು ಮೊದಲೇ ಹೇಳಲಾಗದು. ಅದರ ಬೆನ್ನು ಹತ್ತಿ ಊರೂರು ಅಲೆಯಬೇಕು. ಒಂದು ಕಡೆ ಜನ ಕಲ್ಲೆಸೆದು ಗಾಜಿನ ಸಾಮಗ್ರಿ ಪುಡಿ ಮಾಡಿದಾಗ ಹಾಫ್‌ಕಿನ್ ಅಂಗಿ ಎತ್ತಿ ಎಲ್ಲರೆದುರಿಗೆ ತಮಗೇ ಚುಚ್ಚಿಸಿಕೊಂಡರಂತೆ. ಆಮೇಲೆ ಬಂಗಾಳಿ ವೈದ್ಯರನ್ನು ಜೊತೆಗಿಟ್ಟುಕೊಂಡರು. 1894ರ ಮಾರ್ಚ್ ಕೊನೆಗೆ ಕಾಟಾಲ್ ಬಗಾನ್ ಎಂಬ ಗುಡಿಸಲು ಕೇರಿಯಲ್ಲಿ, ಹೆಸರಿನ ಪ್ರಕಾರ ಹಲಸಿನ ತೋಟ, ಕಾಲರಾ ಎದ್ದಿತು. ಇನ್ನೂರರಷ್ಟಿದ್ದ ನಿವಾಸಿಗಳಲ್ಲಿ 116 ಮಂದಿ ಲಸಿಕೆ ಪಡೆದರು. ಬಳಿಕ ಹತ್ತು ಮಂದಿಗೆ ರೋಗ ತಗುಲಿ ಏಳು ಮಂದಿ ಸತ್ತರು. ಹತ್ತೂ ಜನ ಲಸಿಕೆ ಹಾಕಿಸಿಕೊಳ್ಳದವರೇ.

ಲಸಿಕೆ ಪಡೆದವರ ಪಕ್ಕದಲ್ಲಿ, ಅದೇ ನೀರು ಕುಡಿದು ಅದೇ ಮನೆಯಲ್ಲಿ ಮಲಗುವ, ಲಸಿಕೆ ಪಡೆಯದವರನ್ನೂ ಎಣಿಸಬೇಕು ಎಂಬುದು ಹಾಫ್‌ಕಿನ್‌ರ ಹಟ. ಈ ಹಟಕ್ಕೆ ಒಂದು ಕಹಿ ಮುಖವೂ ಇದೆ. ಎಣಿಸಲು ಸುಲಭವಾಗಿ ಸಿಗುವವರು ಯಾರು? ಗಯಾ ಜೈಲಿನ ಕೈದಿಗಳು, ಅಸ್ಸಾಮಿನ ಚಹಾ ತೋಟದ ಕೂಲಿಗಳು, ದಂಡಿನ ಸಿಪಾಯಿಗಳು. ಅವರ ಒಪ್ಪಿಗೆಯನ್ನು ಕೇಳಲಾಗುತ್ತಿತ್ತು ನಿಜ. ಕೈದಿಯೂ ತೋಟದ ಕೂಲಿಯೂ ದೊರೆಗೆ ಎಷ್ಟರ ಮಟ್ಟಿಗೆ ಬೇಡ ಎನ್ನಬಲ್ಲರು ಎಂಬ ಪ್ರಶ್ನೆ ಮಾತ್ರ ನನಗೆ ಉಳಿಯುತ್ತದೆ. 1895ರ ಹೊತ್ತಿಗೆ 42 ಸಾವಿರ ಜನ ಲಸಿಕೆ ಪಡೆದಿದ್ದರು. ಹಾಫ್‌ಕಿನ್ ಮಲೇರಿಯಾ ಹಿಡಿದು ಇಂಗ್ಲೆಂಡಿಗೆ ಹೋಗಿ, ಮರುವರ್ಷ ತಿರುಗಿ ಬಂದರು.

1896ರ ಸೆಪ್ಟೆಂಬರ್‌ನಲ್ಲಿ ಬಾಂಬೆಯ ಮಾಂಡ್ವಿಯಲ್ಲಿ ಡಾ. ಅಕಾಸಿಯೊ ವಿಯೆಗಸ್ ಪ್ಲೇಗನ್ನು ಗುರುತಿಸಿದರು. ಅಕ್ಟೋಬರ್ 7ರಂದು ಹಾಫ್‌ಕಿನ್ ಬಂದಿಳಿದರು. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಒಂದು ಕೋಣೆ, ಒಂದು ಮೊಗಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು; ಇಷ್ಟೇ ಬಂಡವಾಳ. ಇಲಿಯ ಮೇಲಿನ ಚಿಗಟ ರೋಗ ಹರಡುತ್ತದೆ ಎಂಬುದು ಆಗಿನ್ನೂ ತಿಳಿದಿರಲಿಲ್ಲ. ಹಾಗಾಗಿ ಸರ್ಕಾರ ಚರಂಡಿ ತೊಳೆಯಿತು, ಮನೆ ಸುಣ್ಣ ಬಳಿಯಿತು, ರೋಗಿಗಳನ್ನು ಎಳೆದೊಯ್ಯಿತು. ಇತ್ತ ಊರಿನ ಅರ್ಧದಷ್ಟು ಜನ ಓಡಿಹೋದರು. 2020ರಲ್ಲಿ ಕುರ್ಲಾ ಟರ್ಮಿನಸ್ ಕಂಡವರಿಗೆ ಆ ದೃಶ್ಯ ಬಿಡಿಸಿ ಹೇಳಬೇಕಿಲ್ಲ.

ಪ್ಲೇಗಿನ ರೋಗಾಣುವನ್ನು ಜೀವಂತ ಚುಚ್ಚುವ ಸಾಹಸಕ್ಕೆ ಹಾಫ್‌ಕಿನ್ ಹೋಗಲಿಲ್ಲ. ಬೆಳೆಸಿ, ಕಾಯಿಸಿ ಕೊಂದು, ಸತ್ತ ರೋಗಾಣುಗಳನ್ನೇ ಮದ್ದು ಮಾಡಿದರು. ಬೆಳೆಸುವ ವಿಧಾನದಲ್ಲಿ ನಮ್ಮ ಅಡುಗೆಮನೆಯ ವಸ್ತುವೊಂದಿದೆ. ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಬಿಟ್ಟರೆ, ರೋಗಾಣುಗಳು ಆ ಹನಿಗಳಿಗೆ ಅಂಟಿಕೊಂಡು ಗುಹೆಯ ಮಾಳಿಗೆಯಿಂದ ಇಳಿಬಿಟ್ಟ ಸುಣ್ಣದ ಬಿಳಲಿನಂತೆ ಕೆಳಗೆ ಬೆಳೆಯುತ್ತವೆ. ಕುಪ್ಪಿಯನ್ನು ಅಲುಗಿಸಿದರೆ ಬಿಳಲು ಕೆಳಗೆ ಬೀಳುತ್ತದೆ, ಮತ್ತೆ ಹೊಸದು ಹುಟ್ಟುತ್ತದೆ. ಹಿಂದೂಗಳಿಗೂ ಮುಸ್ಲಿಮರಿಗೂ ಸಂಕೋಚವಾಗದಿರಲೆಂದು ಸಾರಿಗೆ ಆಡಿನ ಮಾಂಸ ಬಳಸಿದರು.

1897ರ ಜನವರಿ 10ರಂದು, ಮುಂದೆ ಜನರಿಗೆ ಕೊಡಲಿದ್ದ ಪ್ರಮಾಣಕ್ಕಿಂತ ಹೆಚ್ಚಿನದನ್ನು ತಮ್ಮ ಮೈಗೇ ಚುಚ್ಚಿಸಿಕೊಂಡರು. ತಿಂಗಳ ಕೊನೆಗೆ ಬೈಕುಲ್ಲಾ ಜೈಲಿನಲ್ಲಿ ಪ್ಲೇಗು ಎದ್ದಿತು. ಕೈದಿಗಳಲ್ಲಿ ಅರ್ಧದಷ್ಟು ಮಂದಿ ಮುಂದೆ ಬಂದು ಲಸಿಕೆ ಪಡೆದರು, ಉಳಿದವರು ಹಾಗೇ ಉಳಿದರು. ನಂತರದ ದಿನಗಳ ಎಣಿಕೆ ಲಸಿಕೆಯ ಪರವಾಗಿತ್ತು. ಆದರೆ ಜೈಲಿನ ಲೆಕ್ಕ ನೋಡಿ ಗಿರ್ಗಾಂವದ ಚಾಳಿನವರು ತೋಳು ಚಾಚುವರೇ? ಆ ಗಂಟನ್ನು ಬಿಡಿಸಿದವರು ಆಗ ಇನ್ನೂ ಇಪ್ಪತ್ತು ತುಂಬದ ಆಗಾ ಖಾನ್. ತಾವೇ ಎಲ್ಲರೆದುರು ಲಸಿಕೆ ಹಾಕಿಸಿಕೊಂಡರು. ಬೆನ್ನಿಗೆ ಸಾವಿರಾರು ಖೋಜಾ ಮುಸ್ಲಿಮರು ಬಂದರು. ಪ್ರಯೋಗಾಲಯಕ್ಕೆ ತಮ್ಮ ಖುಶ್ರು ಲಾಜ್ ಬಂಗಲೆಯನ್ನೂ ಬಿಟ್ಟುಕೊಟ್ಟರು. ಆದ್ಯತೆಯ ಪಟ್ಟಿ ಸರ್ಕಾರದ ಕಡತದಲ್ಲಿ ಏನೇ ಇರಲಿ, ಯಾವ ಸಮುದಾಯದ ಹಿರಿಯರು ಮೊದಲು ತೋಳು ಚಾಚಿದರೋ ಆ ಸಮುದಾಯಕ್ಕೆ ರಕ್ಷೆ ಮೊದಲು ಸಿಕ್ಕಿತು.

ಅದೇ ವರ್ಷ ಪುಣೆಯಲ್ಲಿ ಸೈನಿಕರು ಮನೆಗಳಿಗೆ ನುಗ್ಗಿ ರೋಗಿಗಳನ್ನು ಹುಡುಕಿದ್ದರಿಂದ ಜನ ರೊಚ್ಚಿಗೆದ್ದರು. ಜೂನ್ 22ರ ರಾತ್ರಿ ಚಾಪೇಕರ್ ಸೋದರರ ಗುಂಡಿಗೆ ಪ್ಲೇಗು ಅಧಿಕಾರಿ ರ‍್ಯಾಂಡ್ ಗುರಿಯಾದ. ಲಸಿಕೆ ಇಚ್ಛೆಯಿಂದಲೇ ಆಗಬೇಕು ಎಂದು ಹಾಫ್‌ಕಿನ್ ಪಟ್ಟು ಹಿಡಿದದ್ದರ ಬೆಲೆ ಪುಣೆಯನ್ನು ನೋಡಿದರೆ ತಿಳಿಯುತ್ತದೆ.

ಇನ್ನು ಹುಬ್ಬಳ್ಳಿ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಆಗ ಬಾಂಬೆ ಪ್ರಾಂತ್ಯದವು. ರೈಲು ಬಂದ ದಾರಿಯಲ್ಲೇ ಪ್ಲೇಗೂ ಬಂತು. ಅಟ್ಟದಿಂದ ಇಲಿ ಬಿತ್ತೆಂದರೆ ಮನೆ ಬಿಟ್ಟು ಹೊಲದ ಗುಡಿಸಲಿಗೆ ಹೋಗುವ ಕಾಲ ಅದು. ನಮ್ಮ ಕಡೆಯ ಹಿರಿಯರ ಬಾಯಲ್ಲಿ ಬಹಳ ವರ್ಷ ಉಳಿದ ಮಾತು. 1898ರ ಮೇ ತಿಂಗಳಿಂದ ಹುಬ್ಬಳ್ಳಿಯಲ್ಲಿ ಕ್ಯಾಪ್ಟನ್ ಲ್ಯೂಮನ್ ಎಂಬ ಸೇನಾ ವೈದ್ಯ ಹಾಫ್‌ಕಿನ್ ಲಸಿಕೆ ಕೊಡಲು ಕೂತರು. ಸುಮಾರು ಐವತ್ತು ಸಾವಿರ ಜನರ ಊರು. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ 35 ಸಾವಿರಕ್ಕೂ ಹೆಚ್ಚು ಮಂದಿ ಲಸಿಕೆ ಪಡೆದಿದ್ದರು, ಬಹುತೇಕರು ಎರಡೆರಡು ಬಾರಿ. ಅಷ್ಟು ಚಿಕ್ಕ ಅವಧಿಯಲ್ಲಿ ಒಂದು ಊರಿಗೆ ಊರೇ ಹೀಗೆ ತೋಳು ಚಾಚಿದ ಉದಾಹರಣೆ ಆಗ ಬೇರೆಲ್ಲೂ ಸಿಗುವುದು ಕಷ್ಟ. ನೂಲಿನ ಗಿರಣಿಯ ಕೆಲಸಗಾರರ ಪಟ್ಟಿಯಲ್ಲಿ ಎರಡು ಬಾರಿ ಪಡೆದವರು, ಒಂದು ಬಾರಿ ಪಡೆದವರು, ಪಡೆಯದವರು ಎಂದು ಮೂರು ಕಂಬಸಾಲು ಮಾಡಿ ಸಾವುಗಳನ್ನು ಎಣಿಸಲಾಯಿತು. ಹಾಫ್‌ಕಿನ್ ತಮ್ಮ ವಾದಕ್ಕೆ ಹುಬ್ಬಳ್ಳಿಯ ಅಂಕಿಗಳನ್ನು ಮತ್ತೆ ಮತ್ತೆ ಮುಂದಿಟ್ಟರು. ನಮ್ಮೂರಿನ ಕೆಮ್ಮಣ್ಣಿನ ಓಣಿಗಳ ಲೆಕ್ಕ ಲಂಡನ್ನಿನ ವೈದ್ಯಕೀಯ ಸಭೆಗಳವರೆಗೆ ಹೋಯಿತು.

ಲಸಿಕೆಯ ಚೀಟಿ ಇದ್ದವರಿಗೆ ಪ್ರತ್ಯೇಕ ಶಿಬಿರದ ಕಾಟದಿಂದ ವಿನಾಯಿತಿ ಸಿಗುತ್ತಿತ್ತು. ಇಚ್ಛೆಯ ಜೊತೆಗೆ ಈ ಆಮಿಷವೂ ಕೆಲಸ ಮಾಡಿರಬೇಕು. 1898ರ ಕೊನೆಗೆ ಬಂದ ಪ್ಲೇಗು ಆಯೋಗ ಎಲ್ಲವನ್ನೂ ಜಾಲಾಡಿತು. ಲಸಿಕೆ ರೋಗವನ್ನೂ ಸಾವನ್ನೂ ತಗ್ಗಿಸುತ್ತದೆ, ಪೂರ್ತಿ ತಡೆಯುವುದಿಲ್ಲ, ಅಂಕಿಗಳಲ್ಲಿ ಲೋಪಗಳಿವೆ, ತಯಾರಿಯ ಅಳತೆ ಇನ್ನೂ ಬಿಗಿಯಾಗಬೇಕು ಎಂದಿತು. ನನಗೆ ಅದು ನ್ಯಾಯವಾದ ತೀರ್ಪು ಎನಿಸುತ್ತದೆ. ಅಷ್ಟರಲ್ಲಿ ರೋಗ ಹುಬ್ಬಳ್ಳಿಯಿಂದ ರೈಲು ಹತ್ತಿ ಬೆಂಗಳೂರಿಗೂ ತಲುಪಿ, ಪ್ಲೇಗಮ್ಮನ ಗುಡಿಗಳು ಎದ್ದಿದ್ದವು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಅಗಲ ರಸ್ತೆ, ಗಾಳಿ ಬೆಳಕಿನ ಮನೆಗಳೊಡನೆ ರೂಪುಗೊಂಡದ್ದು ಆ ಹೊಡೆತದ ಹಿನ್ನೆಲೆಯಲ್ಲೇ.

1899ರ ಆಗಸ್ಟ್ 10ರಂದು ಪರೇಲ್‌ನ ಗವರ್ನರ್ ನಿವಾಸದಲ್ಲಿ ಪ್ಲೇಗು ಸಂಶೋಧನಾ ಪ್ರಯೋಗಾಲಯ ಶುರುವಾಯಿತು. ಒಂದು ಕೋಣೆಯ ಕೆಲಸ ಕಾರ್ಖಾನೆಯಾಗತೊಡಗಿತು. ಅಲ್ಲೇ ಅಪಾಯವೂ ಹುಟ್ಟಿತು. 1902ರಲ್ಲಿ ಪಂಜಾಬ್ ಸರ್ಕಾರ ಚಳಿಗಾಲದ ಪ್ಲೇಗಿಗೆ ಮೊದಲೇ ಇಡೀ ಪ್ರಾಂತ್ಯಕ್ಕೆ ಲಸಿಕೆ ಹಾಕಿಸಲು ಹೊರಟಿತು. ಲಕ್ಷಗಟ್ಟಲೆ ಡೋಸ್ ಬೇಕು, ಅದೂ ವಾರಗಳಲ್ಲಿ. ಸಾರಿನಲ್ಲಿ ಬೆಳೆಸಲು ವಾರಗಟ್ಟಲೆ ಕಾಯಬೇಕಾದ್ದರಿಂದ ಹಾಫ್‌ಕಿನ್ ಬೇಗ ಬೆಳೆಯುವ ಅಗರ್ ಮೇಲಿನ ವಿಧಾನಕ್ಕೆ ಬದಲಾದರು. ಕಾಯಿಸುವುದೇ ಸಾಕೆಂದು, ಜೊತೆಗೆ ಸೇರಿಸುತ್ತಿದ್ದ ಕಾರ್ಬಾಲಿಕ್ ಆಮ್ಲವನ್ನು ಕೈಬಿಟ್ಟರು. ವಿಧಾನ ತಪ್ಪಾಗಿರಲಿಲ್ಲ, ಪಾಶ್ಚರ್ ಸಂಸ್ಥೆಯಲ್ಲಿ ಬಳಕೆಯಲ್ಲಿತ್ತು. ಆದರೆ ಹಳ್ಳಿಯ ಧೂಳಿನಲ್ಲಿ ಬಾಟಲಿ ತೆರೆಯುವ ಕೈ ಜಾರಿದರೆ ಕಾಯುವ ಕೊನೆಯ ಕಾವಲು ಆ ಆಮ್ಲ.

ಅಕ್ಟೋಬರ್ 30ರಂದು ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ, ಈಗ ಅದು ಪಾಕಿಸ್ತಾನದಲ್ಲಿದೆ, 107 ಮಂದಿಗೆ ಲಸಿಕೆ ಹಾಕಲಾಯಿತು. ಒಂದೇ ಬಾಟಲಿಯಿಂದ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಉಳಿದ ಬಾಟಲಿಗಳಿಂದ ಪಡೆದವರಿಗೆ ಏನೂ ಆಗಲಿಲ್ಲ.

ವಿಚಾರಣಾ ಆಯೋಗ ಬಾಟಲಿ ಪರೇಲ್‌ನಿಂದ ಹೊರಡುವಾಗಲೇ ಕೆಟ್ಟಿರಬೇಕು ಎಂದು ಬೆರಳನ್ನು ಹಾಫ್‌ಕಿನ್‌ರತ್ತ ತೋರಿಸಿತು. ಕೆಲಸದಿಂದ ದೂರವಿಟ್ಟರು. ಅವರು ಲಂಡನ್ನಿಗೆ ಹೋಗಿ ವರ್ಷಗಟ್ಟಲೆ ಕಾಗದ ಬರೆದರು. ಸಾಕ್ಷ್ಯಗಳು ಕಡತದಲ್ಲೇ ಇದ್ದವು: ಹಳ್ಳಿಯಲ್ಲಿ ಬಾಟಲಿಯ ಬಿರಡೆ ತೆಗೆಯುವ ಚಿಮಟ ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಿ ಮಾಡದೆ ಬಳಸಲಾಗಿತ್ತು. ಧನುರ್ವಾಯುವಿನ ರೋಗಾಣು ಬಾಟಲಿಯೊಳಗೆ ವಾರಗಳ ಕಾಲ ಬೆಳೆದಿದ್ದರೆ ತೆರೆದ ಕೂಡಲೇ ದುರ್ವಾಸನೆ ಮೂಗಿಗೆ ರಾಚಬೇಕಿತ್ತು. ಬಾಟಲಿ ತೆರೆದ ವೈದ್ಯನಿಗೆ ಅಂಥದ್ದೇನೂ ಬಂದಿರಲಿಲ್ಲ. 1907ರಲ್ಲಿ ಮಲೇರಿಯಾ ಸಂಶೋಧಕ ರೊನಾಲ್ಡ್ ರಾಸ್ ಮತ್ತಿತರ ಹತ್ತು ಮಂದಿ ವಿಜ್ಞಾನಿಗಳು ಲಂಡನ್ನಿನ ಪತ್ರಿಕೆಯಲ್ಲಿ ಹಾಫ್‌ಕಿನ್ ಪರ ಬಹಿರಂಗ ಪತ್ರ ಬರೆದ ಮೇಲೆ ಸರ್ಕಾರ ಕಳಂಕ ತೊಳೆಯಿತು. ಐದು ವರ್ಷ ಹಿಡಿಯಿತು. ಅಷ್ಟರಲ್ಲಿ ಪಂಜಾಬಿನಲ್ಲಿ ಲಸಿಕೆಯ ಮೇಲಿನ ನಂಬಿಕೆ ಕುಸಿದಿತ್ತು, ಪ್ಲೇಗು ಮಾತ್ರ ಎಲ್ಲೂ ಹೋಗಿರಲಿಲ್ಲ. ಮಲ್ಕೋವಾಲ್‌ನ ಹತ್ತೊಂಬತ್ತು ಜನರ ಸಾವು ಎಲ್ಲರಿಗೂ ಗೊತ್ತಾಯಿತು. ಲಸಿಕೆ ಸಿಗದೆ ಅಥವಾ ಬೇಡವೆಂದು ಸತ್ತವರನ್ನು ಎಣಿಸಿದವರಿಲ್ಲ.

ತಿರುಗಿ ಬಂದ ಹಾಫ್‌ಕಿನ್‌ಗೆ ಬಾಂಬೆಯ ಹುದ್ದೆ ಸಿಗಲಿಲ್ಲ, ಅಲ್ಲಿ ಬೇರೆಯವರು ಕೂತಿದ್ದರು. ಕಲ್ಕತ್ತದಲ್ಲಿ ಕಾಲ ಕಳೆದು 1914ರಲ್ಲಿ ನಿವೃತ್ತರಾದರು. ಮದುವೆಯಾಗಲಿಲ್ಲ. ಕೊನೆಯ ವರ್ಷಗಳಲ್ಲಿ ಧರ್ಮದ ಕಡೆ ವಾಲಿ, ತಮ್ಮ ಉಳಿತಾಯವನ್ನು ಪೂರ್ವ ಯೂರೋಪಿನ ಯಹೂದಿ ಪಾಠಶಾಲೆಗಳಿಗೆ ಬರೆದಿಟ್ಟರು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್‌ಲ್ಯಾಂಡಿನ ಲೊಸಾನ್‌ನಲ್ಲಿ ತೀರಿಕೊಂಡರು.

ಪರೇಲ್‌ನ ಪ್ರಯೋಗಾಲಯಕ್ಕೆ ಅವರ ಹೆಸರಿಟ್ಟದ್ದು 1925ರಲ್ಲಿ, ಅವರು ಬದುಕಿದ್ದಾಗಲೇ. ಅಷ್ಟರೊಳಗೆ ಬಾಂಬೆಯಿಂದ ಹೊರಟ ಪ್ಲೇಗು ಲಸಿಕೆಯ ಡೋಸ್‌ಗಳ ಲೆಕ್ಕ 2.6 ಕೋಟಿ ಮುಟ್ಟಿತ್ತು. 1964ರಲ್ಲಿ ಭಾರತದ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ತಂದಿತು.